ಹಿಂದಿನ ಕಟ್ಟಡದ ಕಂಪ್ಯೂಟರು

ಜನವರಿಯಲ್ಲಿ ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದ ಕಡೆ ಹೋದವರಿಗೆ ಮೊದಲು ಎದುರಾಗುವುದು ಲಾರಿ, ಪಿಕಪ್ಪು, ಜೀಪುಗಳ ಸಾಲು. ಅರೇಬಿಕಾ ಕೊಯ್ಲು ಮುಗಿಯುತ್ತ ಬಂದಿರುತ್ತದೆ, ರೊಬಸ್ಟಾ ಹಣ್ಣು ಕಣಕ್ಕೆ ಇಳಿಯುತ್ತಿರುತ್ತದೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೊಡಗಿನ ತೋಟಗಳದ್ದು. ಅದರಲ್ಲಿ ಒಂದಷ್ಟು ಇಲ್ಲಿನ ಕ್ಯೂರಿಂಗ್ ವರ್ಕ್ಸ್‌ಗಳ ತೂಕದ ಹಲಗೆಯ ಮೇಲೆ ಹತ್ತಿ ಇಳಿದೇ ಮುಂದಕ್ಕೆ ಹೋಗಬೇಕು. 1990ರ ದಶಕದ ಮಧ್ಯದಲ್ಲಿ ಕಾಫಿ ಮಂಡಳಿಯ ಪೂಲ್ ಪದ್ಧತಿ ಕೊನೆಗೊಂಡು ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವಂತಾದ ಮೇಲೆ ತೂಕದ ಚೀಟಿಗೆ ಬಂದ ಬೆಲೆ ದೊಡ್ಡದು. ಎಷ್ಟು ಕಿಲೋ, ತೇವಾಂಶ ಎಷ್ಟು, ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಉಳಿಯುವ ಕಾಫಿ ಬೀಜದ ಪಾಲು) ಎಷ್ಟು ಎಂಬ ಮೂರು ಅಂಕಿಗಳ ಮೇಲೆಯೇ 50 ಕಿಲೋ ಚೀಲದ ಹಣ ನಿಲ್ಲುತ್ತದೆ. ಚೀಟಿ ತಡವಾದರೆ ಬೆಳೆಗಾರ ಕಾಯುತ್ತಾನೆ, ಅವನ ಹಿಂದೆ ಇಡೀ ಸಾಲು ಕಾಯುತ್ತದೆ.

ಮಡಿಕೇರಿಯ ಒಬ್ಬ ನೆಟ್‌ವರ್ಕ್ ತಂತ್ರಜ್ಞರಿಗೆ 2012ರ ಸುಗ್ಗಿಯಲ್ಲಿ ಅಂಥದೊಂದು ಕಾಫಿ ಆಫೀಸಿನಿಂದ ಫೋನ್ ಬಂತು. ಈಗ ಅವರ ಕೆಲಸವೆಲ್ಲ ಫೈಬರ್, ಸಿಸಿ ಕ್ಯಾಮೆರಾ, ಹೋಂಸ್ಟೇಗಳ ವೈಫೈ. ಆದರೂ ಎರಡು ಸಬ್‌ನೆಟ್ ಎಂಬ ಮಾತು ಬಂದರೆ ಅವರು ಇವತ್ತಿಗೂ ನೆನಪಿಸಿಕೊಳ್ಳುವುದು ಆ ಆಫೀಸನ್ನೇ. ಅಲ್ಲಿ ಹಾಳಾದದ್ದು ಏನೂ ಇರಲಿಲ್ಲ. ಕೇಬಲ್ ತುಂಡಾಗಿರಲಿಲ್ಲ, ಸ್ವಿಚ್ ಸುಟ್ಟಿರಲಿಲ್ಲ, ಎಲ್ಲ ದೀಪಗಳೂ ಹಸಿರಾಗಿ ಮಿನುಗುತ್ತಿದ್ದವು. ಹಾಗಿದ್ದೂ ಮುಂದಿನ ಕಟ್ಟಡದ ಕಂಪ್ಯೂಟರಿಗೆ ಹಿಂದಿನ ಕಟ್ಟಡದ ಕಂಪ್ಯೂಟರು ಕಾಣುತ್ತಿರಲಿಲ್ಲ.

ಆ ಜಾಗ ಹೇಗಿತ್ತೆಂದರೆ, ರಸ್ತೆಗೆ ಮುಖ ಮಾಡಿದ ಹಳೆಯ ಹೆಂಚಿನ ಕಟ್ಟಡದಲ್ಲಿ ಲೆಕ್ಕದ ಕೋಣೆ, ಮ್ಯಾನೇಜರ ಕೋಣೆ, ಗೋಡೆಗೆ ಆತುಕೊಂಡ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಮೋಡೆಮ್. ಅಲ್ಲಿನ ಕಂಪ್ಯೂಟರುಗಳೆಲ್ಲ 192.168.1 ಎಂದು ಶುರುವಾಗುವ ವಿಳಾಸದವು. ಅಂಗಳ ದಾಟಿದರೆ ಹೊಸ ಗೋದಾಮು, ಅದರ ಬದಿಗೆ ವೇಬ್ರಿಡ್ಜಿನ ಕ್ಯಾಬಿನ್, ಪಕ್ಕದಲ್ಲಿ ತೇವಾಂಶ ನೋಡುವ ಚಿಕ್ಕ ಲ್ಯಾಬು. ವೇಬ್ರಿಡ್ಜ್ ಕೂರಿಸಿದವರು ತಮ್ಮದೇ ಒಂದು ಪುಟ್ಟ ರೂಟರ್ ತಂದು, ತಮ್ಮ ಕಂಪ್ಯೂಟರಿಗೆ 192.168.2.10 ಎಂಬ ವಿಳಾಸ ಕೊಟ್ಟು ಹೋಗಿದ್ದರು. ತೂಕದ ಯಂತ್ರದಿಂದ ಸೀರಿಯಲ್ ಕೇಬಲ್ ಆ ಕಂಪ್ಯೂಟರಿಗೆ ಬರುತ್ತಿತ್ತು. ಎರಡು ಕಟ್ಟಡಗಳ ನಡುವೆ ಪೈಪಿನೊಳಗೆ ಒಂದು ನೆಟ್‌ವರ್ಕ್ ಕೇಬಲ್. ಒಟ್ಟು ಇಷ್ಟೇ.

ಈ 192.168 ಎಂಬ ಅಂಕಿ ಕೊಡಗಿನ ಆಫೀಸಿಗೂ ಬಂತು, ಜಗತ್ತಿನ ಅರ್ಧ ಆಫೀಸುಗಳಿಗೂ ಬಂತು. ಅದಕ್ಕೊಂದು ದಾಖಲೆ ಇದೆ. ಇಂಟರ್‌ನೆಟ್ಟಿನ ನಾಲ್ಕು ಭಾಗದ ವಿಳಾಸಗಳು ಒಟ್ಟು 429 ಕೋಟಿಯಷ್ಟು. ಅವು ಮುಗಿದುಹೋಗುತ್ತವೆ ಎಂಬ ಆತಂಕ 1990ರ ಹೊತ್ತಿಗೇ ಶುರುವಾಗಿತ್ತು. 1996ರ ಫೆಬ್ರವರಿಯಲ್ಲಿ ಯಾಕೋವ್ ರೆಖ್ಟರ್ ಮತ್ತು ಸಂಗಡಿಗರು ಬರೆದ ಆರ್‌ಎಫ್‌ಸಿ 1918 ಎಂಬ ಪತ್ರ ಮೂರು ಗುಂಪು ವಿಳಾಸಗಳನ್ನು ಖಾಸಗಿ ಬಳಕೆಗೆ ಬಿಟ್ಟುಕೊಟ್ಟಿತು: 10ರಿಂದ ಶುರುವಾಗುವವು, 172.16ರಿಂದ 172.31ರ ವರೆಗಿನವು, 192.168ರಿಂದ ಶುರುವಾಗುವವು. ಯಾರನ್ನೂ ಕೇಳದೆ ಯಾರು ಬೇಕಾದರೂ ತಮ್ಮ ಗೋಡೆಗಳ ಒಳಗೆ ಇವನ್ನು ಬಳಸಬಹುದು. ಹೊರಗಿನ ಇಂಟರ್‌ನೆಟ್ಟಿನಲ್ಲಿ ಮಾತ್ರ ಇವುಗಳಿಗೆ ಬೆಲೆಯಿಲ್ಲ. ಅದಕ್ಕೂ ಹಿಂದೆ, 1985ರ ಆಗಸ್ಟಿನಲ್ಲಿ, ಜೆಫ್ರಿ ಮೊಗಲ್ ಮತ್ತು ಜಾನ್ ಪೋಸ್ಟೆಲ್ ಒಂದು ನೆಟ್‌ವರ್ಕನ್ನು ಒಳಗೇ ತುಂಡು ಮಾಡಿಕೊಳ್ಳುವ ಸಬ್‌ನೆಟ್ ಪದ್ಧತಿಯನ್ನು ಬರೆದಿಟ್ಟಿದ್ದರು. 255.255.255.0 ಎಂಬ ಮಾಸ್ಕ್ ಹೇಳುವುದು ಒಂದೇ ವಿಷಯ: ಮೊದಲ ಮೂರು ಅಂಕಿ ಒಂದೇ ಆಗಿದ್ದವರು ನೆರೆಹೊರೆಯವರು, ಅವರಿಗೆ ನೇರವಾಗಿ ಕಳಿಸು, ಬೇರೆಯಾಗಿದ್ದರೆ ಹೊರದಾರಿಯ ರೂಟರಾದ ಗೇಟ್‌ವೇ ಕೈಗೆ ಕೊಡು. 254 ಕಂಪ್ಯೂಟರುಗಳಿಗೆ ಸಾಕಾಗುವ ಆ ಜಾಗದಲ್ಲಿ ಕುಶಾಲನಗರದ ಆಫೀಸು ಬಳಸಿದ್ದು ಬೆರಳೆಣಿಕೆಯಷ್ಟನ್ನು.

ತೊಂದರೆಯನ್ನು ಲೆಕ್ಕದ ಕೋಣೆಯ ಅಕ್ಕ ಫೋನಿನಲ್ಲೇ ಚೆನ್ನಾಗಿ ಹೇಳಿದ್ದರು.

“ನೋಡಪ್ಪ, ಅಲ್ಲಿಂದ ಇಲ್ಲಿಗೆ ಎಲ್ಲ ಬರ್ತದೆ. ಅವನ ಕಂಪ್ಯೂಟರಿಂದ ನಮ್ಮ ಟ್ಯಾಲಿ ಸಿಸ್ಟಮ್ಮಿನ ಫೋಲ್ಡರ್ ತೆಗೀಬಹುದು, ನಮ್ಮ ಪ್ರಿಂಟರಿಗೆ ಪ್ರಿಂಟ್ ಕೊಡಬಹುದು, ಇಂಟರ್‌ನೆಟ್ಟೂ ಬರ್ತದೆ. ಇಲ್ಲಿಂದ ಅವನದ್ದು ತೆಗೀಲಿಕ್ಕೆ ಹೋದ್ರೆ ಮಾತ್ರ ಏನೂ ಇಲ್ಲ.”

ಇಷ್ಟು ಸ್ಪಷ್ಟವಾದ ದೂರು ಈ ಕಸುಬಿನಲ್ಲಿ ಅಪರೂಪ. ‘ನೆಟ್ ಬರ್ತಿಲ್ಲ’ ಎನ್ನುವವರೇ ಹೆಚ್ಚು. ಯಾವ ದಿಕ್ಕಿನಲ್ಲಿ ಹೋಗುತ್ತದೆ, ಯಾವ ದಿಕ್ಕಿನಲ್ಲಿ ಹೋಗುವುದಿಲ್ಲ ಎಂದು ಗಮನಿಸಿ ಹೇಳುವವರು ಸಿಕ್ಕರೆ ತಂತ್ರಜ್ಞನ ಅರ್ಧ ಕೆಲಸ ಮುಗಿಯಿತು. ಮಡಿಕೇರಿಯಿಂದ ಸುಂಟಿಕೊಪ್ಪ ದಾಟಿ ಕುಶಾಲನಗರಕ್ಕೆ ಇಳಿಯುವ ಬಸ್ಸಿನಲ್ಲಿ ಅವರು ಆ ಮಾತನ್ನೇ ತಲೆಯಲ್ಲಿ ತಿರುಗಿಸುತ್ತ ಕೂತಿದ್ದರಂತೆ.

ಆಫೀಸಿನಲ್ಲಿ ಅಷ್ಟರವರೆಗೆ ಪೆನ್‌ಡ್ರೈವಿನ ಮೇಲೆ ಕೆಲಸ ನಡೆದಿತ್ತು. ವೇಬ್ರಿಡ್ಜಿನ ಹುಡುಗ ಮಧ್ಯಾಹ್ನಕ್ಕೊಮ್ಮೆ, ಸಂಜೆಗೊಮ್ಮೆ ಅಂಗಳ ದಾಟಿ ಬಂದು ತೂಕದ ಫೈಲನ್ನು ಅಕ್ಕನ ಕೈಗೆ ಕೊಡುತ್ತಿದ್ದ. ಅವನು ಕ್ಯಾಬಿನ್ ಬಿಟ್ಟು ಬಂದ ಹೊತ್ತಿನಲ್ಲಿ ಹಲಗೆಯ ಮೇಲೆ ಲಾರಿ ನಿಂತಿರುತ್ತಿತ್ತು. ಫೋಲ್ಡರುಗಳನ್ನೆಲ್ಲ ಶಾರ್ಟ್‌ಕಟ್ ಮಾಡಿಬಿಡುವ ವೈರಸ್ ಆ ವರ್ಷಗಳಲ್ಲಿ ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಹಾರಾಡುತ್ತಿತ್ತು. ಅದೂ ಈ ಆಫೀಸಿಗೆ ಬಂದು ಹೋಗಿತ್ತು. ಮ್ಯಾನೇಜರಿಗೆ ಬೇಕಾಗಿದ್ದದ್ದು ಸರಳ: ತೂಕ ಆದ ಕೂಡಲೇ ಫೈಲು ತಮ್ಮ ಪರದೆಯ ಮೇಲೆ ಕಾಣಬೇಕು.

ಮೊದಲು ಪಿಂಗ್. ಮೈಕ್ ಮೂಸ್ ಎಂಬ ಅಮೆರಿಕನ್ 1983ರ ಡಿಸೆಂಬರಿನಲ್ಲಿ, ಸೇನೆಯ ಪ್ರಯೋಗಾಲಯವೊಂದರಲ್ಲಿ ನೆಟ್‌ವರ್ಕ್ ವಿಚಿತ್ರವಾಗಿ ಆಡುತ್ತಿದ್ದಾಗ ಒಂದೇ ಸಂಜೆ ಕೂತು ಬರೆದ ಪುಟ್ಟ ಪ್ರೋಗ್ರಾಂ ಅದು. ಸಬ್‌ಮರೀನಿನ ಸೋನಾರ್ ಸದ್ದಿನ ಹೆಸರನ್ನೇ ಅವರು ಅದಕ್ಕಿಟ್ಟರು. ‘ಇದ್ದೀಯಾ?’ ಎಂದು ಒಂದು ಪ್ಯಾಕೆಟ್ ಕಳಿಸುವುದು, ‘ಇದ್ದೇನೆ’ ಎಂಬ ಉತ್ತರ ಬರುತ್ತದೆಯೇ ಎಂದು ಕಾಯುವುದು. ಉತ್ತರ ಬರಲಿಲ್ಲ ಎಂದರೆ ಪ್ರಶ್ನೆ ತಲುಪಲಿಲ್ಲ ಎಂದು ಹೊಸಬರು ತಿಳಿದುಬಿಡುತ್ತಾರೆ. ಪ್ರಶ್ನೆ ತಲುಪಿಯೂ ಉತ್ತರಕ್ಕೆ ದಾರಿ ಇಲ್ಲದಿರಬಹುದು. ಈ ಎರಡನೆಯ ಸಾಧ್ಯತೆಯೇ ಇಡೀ ಪ್ರಸಂಗದ ಒಳಗುಟ್ಟು. ಪಿಂಗ್ ಮಾಡುವವನ ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಕೋರಿಕೆಯ ಅವಧಿ ಮುಗಿಯಿತು ಎಂಬ ಅದೇ ಸಾಲು.

ಅಕ್ಕನ ಕಂಪ್ಯೂಟರಿನಿಂದ 192.168.2.10ಕ್ಕೆ ಪಿಂಗ್ ಕೊಟ್ಟಾಗ ಆ ಸಾಲೇ ಬಂತು. ಆಮೇಲೆ ವಿಂಡೋಸಿನ ಟ್ರೇಸರ್ಟ್ ಓಡಿಸಿದರು. ವ್ಯಾನ್ ಜೇಕಬ್‌ಸನ್ ಬರೆದ ಟ್ರೇಸ್‌ರೂಟಿನ ವಿಂಡೋಸ್ ರೂಪ ಅದು. ಪ್ರತಿ ಪ್ಯಾಕೆಟ್ಟಿಗೂ ಟಿಟಿಎಲ್ ಎಂಬ ಒಂದು ಎಣಿಕೆ ಇರುತ್ತದೆ, ಒಂದೊಂದು ರೂಟರ್ ದಾಟಿದಾಗಲೂ ಅದು ಒಂದೊಂದು ಕಡಿಮೆಯಾಗುತ್ತದೆ, ಸೊನ್ನೆಯಾದ ಕಡೆಯ ರೂಟರ್ ‘ಇದು ನನ್ನಲ್ಲಿ ಸತ್ತಿತು’ ಎಂದು ತಿಳಿಸುತ್ತದೆ. ಎಣಿಕೆಯನ್ನು 1, 2, 3 ಎಂದು ಬೇಕೆಂದೇ ಕಡಿಮೆ ಇಟ್ಟು ಕಳಿಸುತ್ತ ಹೋದರೆ ದಾರಿಯ ರೂಟರುಗಳು ಒಂದೊಂದಾಗಿ ತಮ್ಮ ವಿಳಾಸ ಹೇಳುತ್ತವೆ. ಅವತ್ತು ಮೊದಲ ಸಾಲಿನಲ್ಲಿ 192.168.1.1, ಅಂದರೆ ಗೋಡೆಯ ಮೋಡೆಮ್. ಎರಡನೆಯ ಸಾಲಿನಲ್ಲಿ ಹೊರಗಿನ ಯಾವುದೋ ವಿಳಾಸ. ಆಮೇಲೆ ಬರೀ ನಕ್ಷತ್ರ ಚಿಹ್ನೆಗಳು. ಅಂಗಳ ದಾಟಬೇಕಾಗಿದ್ದ ಪ್ಯಾಕೆಟ್ ಆಫೀಸಿನ ಗೇಟು ದಾಟಿ, ಟೆಲಿಫೋನ್ ತಂತಿ ಹಿಡಿದು ಹೊರಗಿನ ಇಂಟರ್‌ನೆಟ್ಟಿಗೆ ಹೊರಟಿತ್ತು. ಅಲ್ಲಿ ಖಾಸಗಿ ವಿಳಾಸಕ್ಕೆ ದಾರಿಯಿಲ್ಲ, ಯಾವುದೋ ಒಂದು ರೂಟರ್ ಅದನ್ನು ಬಿಸಾಡುತ್ತಿತ್ತು.

ಮೋಡೆಮ್ ಮಾಡಿದ್ದು ತಪ್ಪೇನಲ್ಲ. 192.168.2 ಎಂಬುದು ಎಲ್ಲಿದೆಯೆಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಗೊತ್ತಿಲ್ಲದ ಎಲ್ಲವನ್ನೂ ಹೊರಗೆ ಕಳಿಸುವುದೇ ಅದರ ಕೆಲಸ.

ಹಾಗಾದರೆ ಆ ಕಡೆಯಿಂದ ಈ ಕಡೆಗೆ ಹೇಗೆ ಬರುತ್ತಿದೆ? ಅದರ ಉತ್ತರ ಲೆಕ್ಕದ ಟ್ಯಾಲಿ ಸಾಫ್ಟ್‌ವೇರ್ ಇದ್ದ ಕಂಪ್ಯೂಟರಿನಲ್ಲಿ ಸಿಕ್ಕಿತು. ವೇಬ್ರಿಡ್ಜಿನ ಹುಡುಗನಿಗೆ ಫೋಲ್ಡರ್ ತೆರೆದಿಟ್ಟುಕೊಳ್ಳಲು ಹೇಳಿ, ಇಲ್ಲಿ ಸಂಪರ್ಕಗಳ ಪಟ್ಟಿ ತೋರಿಸುವ ನೆಟ್‌ಸ್ಟಾಟ್ ಓಡಿಸಿದಾಗ ಸಂಪರ್ಕ ಬಂದಿದ್ದದ್ದು 192.168.2.10ರಿಂದಲ್ಲ, 192.168.1.50ರಿಂದ. ಅಂಥ ಕಂಪ್ಯೂಟರೇ ಆಫೀಸಿನಲ್ಲಿ ಇರಲಿಲ್ಲ. ಅದು ಆ ಪುಟ್ಟ ರೂಟರಿನ ಹೊರಮುಖದ ವಿಳಾಸ. ಇಂಟರ್‌ನೆಟ್ಟಿನ ಕೇಬಲ್ ಹಾಕಬೇಕಾದ ವ್ಯಾನ್ ಪೋರ್ಟಿಗೆ ಆಫೀಸಿನ ಕೇಬಲ್ ಹಾಕಲಾಗಿತ್ತು. ಹಾಗಾಗಿ ರೂಟರ್ ತನ್ನ ಒಳಗಿನವರೆಲ್ಲರ ಹೆಸರು ಮುಚ್ಚಿ, ತನ್ನ ವಿಳಾಸವನ್ನೇ ಹಚ್ಚಿ ಕಳಿಸುತ್ತಿತ್ತು. ಇದಕ್ಕೆ ನ್ಯಾಟ್ ಎನ್ನುತ್ತಾರೆ. 1994ರ ಮೇ ತಿಂಗಳ ಆರ್‌ಎಫ್‌ಸಿ 1631ರಲ್ಲಿ ಇದನ್ನು ವಿಳಾಸಗಳ ಕೊರತೆಗೆ ತಾತ್ಕಾಲಿಕ ಉಪಾಯವೆಂದೇ ಮುಂದಿಟ್ಟಿದ್ದರು. ಇವತ್ತು ಮನೆಮನೆಯ ಇಂಟರ್‌ನೆಟ್ ನಿಂತಿರುವುದು ಅದರ ಮೇಲೆ.

ಮ್ಯಾನೇಜರಿಗೆ ಇದನ್ನು ಅವರು ತೋಟದ ಭಾಷೆಯಲ್ಲಿ ವಿವರಿಸಿದರು. ಲೈನ್ ಮನೆಯ ಕೆಲಸಗಾರರ ಮಾತೆಲ್ಲ ತೋಟದ ಗುಮಾಸ್ತ ರೈಟರ ಮೂಲಕವೇ ಹೊರಗೆ ಹೋಗುತ್ತದೆ ಎಂದುಕೊಳ್ಳಿ. ಅಂಗಡಿಗೆ ಚೀಟಿ ಹೋಗುವುದು ರೈಟರ ಸಹಿಯಲ್ಲಿ, ಸಾಮಾನು ಬರುವುದು ರೈಟರ ಹೆಸರಿಗೆ, ಯಾರು ಏನು ಕೇಳಿದ್ದರೆಂದು ನೆನಪಿಟ್ಟು ಹಂಚುವುದು ಅವರೇ. ಕೆಲಸ ಸಲೀಸಾಗಿ ನಡೆಯುತ್ತದೆ. ಆದರೆ ಅಂಗಡಿಯವನು ತಾನಾಗಿಯೇ ಲೈನ್ ಮನೆಯ ಒಬ್ಬರನ್ನು ಹುಡುಕಿಕೊಂಡು ಹೊರಟರೆ ಅವನಿಗೆ ಗೊತ್ತಿರುವುದು ರೈಟರ ಹೆಸರು ಮಾತ್ರ.

ಮ್ಯಾನೇಜರು ಕೇಳಿದ ಮುಂದಿನ ಪ್ರಶ್ನೆ ಯಾರಾದರೂ ಕೇಳುವಂಥದೇ. “ಹಾಗಾದ್ರೆ ಆ ರೂಟರ್ ತೆಗೆದುಹಾಕಿ, ಎಲ್ಲ ಒಂದೇ ನಂಬರಿಗೆ ತಂದುಬಿಟ್ರೆ ಮುಗೀತಲ್ಲ ಸಾರ್?” ಮುಗಿಯುತ್ತಿತ್ತು, ನಿಜ. ಒಂದು ಸ್ವಿಚ್ ಇಟ್ಟರೆ ಎಲ್ಲರೂ ನೆರೆಯವರಾಗುತ್ತಿದ್ದರು. ತಂತ್ರಜ್ಞರು ಒಪ್ಪಲಿಲ್ಲ. ವೇಬ್ರಿಡ್ಜಿನ ಕಂಪ್ಯೂಟರು ವಿಂಡೋಸ್ ಎಕ್ಸ್‌ಪಿಯದ್ದು, ಅದರಲ್ಲಿ ಯಾವ ಹೊಸ ಅಪ್‌ಡೇಟೂ ಇರಲಿಲ್ಲ, ತೂಕದ ಸಾಫ್ಟ್‌ವೇರ್ ಕೆಡುತ್ತದೆಂಬ ಭಯಕ್ಕೆ ಯಾರೂ ಮುಟ್ಟುತ್ತಿರಲಿಲ್ಲ. ಅಂಥದ್ದನ್ನು ಲೆಕ್ಕಪತ್ರದ ಕಂಪ್ಯೂಟರುಗಳ ಪಕ್ಕದಲ್ಲೇ ತಡೆಯಿಲ್ಲದೆ ಕೂರಿಸುವುದು ಸರಿಯಲ್ಲ. ಎರಡು ಕಟ್ಟಡ ಎರಡು ಸಬ್‌ನೆಟ್ ಆಗಿಯೇ ಇರಲಿ, ನಡುವೆ ರೂಟರ್ ನಿಜವಾದ ರೂಟರಾಗಿ ಕೆಲಸ ಮಾಡಲಿ, ಏನು ದಾಟಬೇಕು ಏನು ದಾಟಬಾರದು ಎಂದು ಹೇಳುವ ಜಾಗ ಒಂದು ಉಳಿದಿರಲಿ ಎಂಬುದು ಅವರ ವಾದ. ಆಮೇಲಿನ ವರ್ಷಗಳನ್ನು ನೋಡಿದರೆ ಆ ತೀರ್ಮಾನ ಸರಿಯೇ ಇತ್ತು: 2014ರ ಏಪ್ರಿಲಿನಲ್ಲಿ ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ ನಿಂತಿತು, 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ರಾನ್ಸಮ್‌ವೇರ್ ಜಗತ್ತಿನಾದ್ಯಂತ ಹಳೆಯ, ತೇಪೆ ಹಾಕದ ವಿಂಡೋಸುಗಳನ್ನು ಹುಡುಕಿ ಹುಡುಕಿ ಹೊಕ್ಕಿತು.

ಸಂಜೆ ಕೊನೆಯ ಲಾರಿ ಹೋದ ಮೇಲೆ ಕೆಲಸ ಶುರುವಾಯಿತು. ರೂಟರಿನ ಪುಟ ತೆರೆದು ಗೇಟ್‌ವೇ ಎಂದಿದ್ದ ಕಡೆ ರೂಟರ್ ಎಂದು ಬದಲಿಸಿದರು. ನ್ಯಾಟ್ ನಿಂತಿತು. ಕೂಡಲೇ, ಅಷ್ಟರವರೆಗೆ ನಡೆಯುತ್ತಿದ್ದದ್ದೂ ನಿಂತುಹೋಯಿತು.

ಕ್ಯಾಬಿನ್ನಿನಿಂದ ಹುಡುಗ ಓಡಿಬಂದ. “ಅಣ್ಣ, ಟ್ಯಾಲಿ ಫೋಲ್ಡರೂ ಹೋಯ್ತು, ಇಂಟರ್‌ನೆಟ್ಟೂ ಹೋಯ್ತು, ಪ್ರಿಂಟರೂ ಇಲ್ಲ.” ಮ್ಯಾನೇಜರು ಏನೂ ಹೇಳಲಿಲ್ಲ, ಕುರ್ಚಿಯಿಂದ ಎದ್ದು ನಿಂತರು. ಮರುದಿನ ಬೆಳಗ್ಗೆ ಮತ್ತೆ ಲಾರಿ ಬರುತ್ತವೆಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ತಂತ್ರಜ್ಞರಿಗೆ ಮಾತ್ರ ಇದು ನಿರೀಕ್ಷಿತ. ಅವರು ಈಗಲೂ ಹೇಳುವುದು ಇದನ್ನೇ: ನ್ಯಾಟ್ ಇದ್ದಾಗ ಯಾರಿಗೂ ಮರಳುವ ದಾರಿ ಗೊತ್ತಿರಬೇಕಾದ ಅಗತ್ಯವೇ ಬೀಳುವುದಿಲ್ಲ. ಟ್ಯಾಲಿ ಕಂಪ್ಯೂಟರಿಗೆ ಕೇಳಿದವರು 192.168.1.50, ಪಕ್ಕದ ಮನೆಯವರು, ಉತ್ತರ ನೇರ ಹೋಗುತ್ತಿತ್ತು. ಈಗ ಕೇಳುತ್ತಿರುವವರು 192.168.2.10. ಪ್ರಶ್ನೆ ತಲುಪುತ್ತಿದೆ, ಟ್ಯಾಲಿ ಕಂಪ್ಯೂಟರು ಉತ್ತರವನ್ನೂ ಬರೆಯುತ್ತಿದೆ, ಆದರೆ ಬೇರೆ ಸಬ್‌ನೆಟ್ ಆದ್ದರಿಂದ ಗೇಟ್‌ವೇಗೆ ಕೊಡುತ್ತಿದೆ. ಗೇಟ್‌ವೇ ಎಂದರೆ ಮೋಡೆಮ್, ಮೋಡೆಮ್ ಅದನ್ನು ಹೊರಗೆ ಕಳಿಸುತ್ತಿದೆ. ಊರಿನೊಳಗಿನ ಉತ್ತರ ಊರ ಹೊರಗೆ ಕಳೆದುಹೋಗುತ್ತಿದೆ. ನಿಂತದ್ದು ಹೊಸ ದೋಷದಿಂದಲ್ಲ. ಮೊದಲಿನಿಂದಲೂ ಇದ್ದ ಕೊರತೆಗಳು, ಮುಚ್ಚಿದ್ದ ಪರದೆ ಸರಿದಾಗ ಒಟ್ಟಿಗೇ ಹೊರಬಂದಿದ್ದವು. ಇನ್ನು ಅವನ್ನು ಒಂದೊಂದಾಗಿ ತೀರಿಸಬೇಕಿತ್ತು.

ಮೊದಲಿನದು ಮೋಡೆಮ್. ಅದರ ಪುಟದಲ್ಲಿ ಸ್ಟ್ಯಾಟಿಕ್ ರೂಟ್ ಎಂಬ ಜಾಗ ಹುಡುಕಿ ಒಂದೇ ಸಾಲು ಬರೆದರು: 192.168.2.0, ಮಾಸ್ಕ್ 255.255.255.0, ಹೋಗಬೇಕಾದದ್ದು 192.168.1.50ರ ಮೂಲಕ. ಅಲ್ಲಿಗೆ ಮೋಡೆಮ್ಮಿಗೆ ಅಂಗಳದಾಚೆ ಒಂದು ಲೋಕವಿದೆಯೆಂದು ತಿಳಿಯಿತು. ಟ್ರೇಸರ್ಟ್ ಈಗ ಮೊದಲು 192.168.1.1, ಎರಡನೆಯದು 192.168.1.50 ಎಂದಿತು. ಮೂರನೆಯದು ಮತ್ತೆ ನಕ್ಷತ್ರ.

ಇಲ್ಲಿ ಅವರು ಮಾಡಿದ ಒಂದು ಕೆಲಸವನ್ನು ಈ ಕಸುಬಿನವರೆಲ್ಲ ಗಮನಿಸಬೇಕು. ಅಕ್ಕನ ಕುರ್ಚಿ ಬಿಟ್ಟು ಎದ್ದು, ಅಂಗಳ ದಾಟಿ, ವೇಬ್ರಿಡ್ಜಿನ ಕ್ಯಾಬಿನ್ನಿನಲ್ಲಿ ಹೋಗಿ ಕೂತರು. ಒಂದೇ ಕಡೆ ಕೂತು ಪಿಂಗ್ ಮೇಲೆ ಪಿಂಗ್ ಕೊಡುತ್ತ ಗಂಟೆಗಟ್ಟಲೆ ಕಳೆಯುವವರನ್ನು ಎಷ್ಟೋ ಆಫೀಸುಗಳಲ್ಲಿ ನೋಡಬಹುದು. ಉತ್ತರ ಕೊಡಬೇಕಾದ ಕಂಪ್ಯೂಟರಿನ ಮುಂದೆ ಕೂತರೆ ಪ್ರಶ್ನೆ ಬದಲಾಗುತ್ತದೆ. ‘ಅಲ್ಲಿಗೆ ಹೋಗುತ್ತಿಲ್ಲ ಏಕೆ’ ಎನ್ನುವ ಬದಲು ‘ಇಲ್ಲಿಂದ ಹೊರಡುತ್ತಿಲ್ಲ ಏಕೆ’ ಎಂದು ಕೇಳತೊಡಗುತ್ತೇವೆ. ಅಲ್ಲಿಂದ ರೂಟರಿಗೆ ಪಿಂಗ್ ಹೋಗುತ್ತಿತ್ತು. ಆಫೀಸಿನ ಟ್ಯಾಲಿ ಕಂಪ್ಯೂಟರಿಗೂ ಹೋಯಿತು, ಉತ್ತರವೂ ಬಂತು. ಅಂದರೆ ಎರಡೂ ದಾರಿ ಸರಿಯಾಗಿದೆ. ಹಾಗಿದ್ದರೆ ಒಳಬರುವುದನ್ನು ಈ ಕಂಪ್ಯೂಟರೇ ತಡೆಯುತ್ತಿದೆ.

ವಿಂಡೋಸಿನ ಫೈರ್‌ವಾಲ್. 2004ರ ಆಗಸ್ಟಿನಲ್ಲಿ ಬಂದ ಎಕ್ಸ್‌ಪಿ ಎರಡನೇ ಸರ್ವೀಸ್ ಪ್ಯಾಕಿನಿಂದ ಅದು ತಾನಾಗಿಯೇ ಚಾಲೂ ಇರುತ್ತದೆ. ಫೈಲ್ ಹಂಚಿಕೆಗೆ ಅದರಲ್ಲಿ ಅನುಮತಿ ಕೊಟ್ಟಿದ್ದರೂ ಆ ಅನುಮತಿ ಸ್ವಂತ ಸಬ್‌ನೆಟ್ಟಿನವರಿಗೆ ಮಾತ್ರ. ಆಚೆ ಸಬ್‌ನೆಟ್ಟಿನವರು ಬಾಗಿಲು ತಟ್ಟಿದರೆ ‘ಇಲ್ಲ’ ಎಂದೂ ಹೇಳದೆ ಸುಮ್ಮನಿರುತ್ತದೆ. ಪರೀಕ್ಷೆಗೆಂದು ಅದನ್ನು ಒಂದು ಕ್ಷಣ ನಿಲ್ಲಿಸಿ, ಅಕ್ಕನಿಗೆ ಕೂಗಿ ಹೇಳಿ ಪಿಂಗ್ ಮಾಡಿಸಿದರು. ಅಲ್ಲಿಂದ ಅಕ್ಕ ಓದಿ ಹೇಳಿದರು: ಉತ್ತರ ಬಂತು, ಟಿಟಿಎಲ್ 127. ವಿಂಡೋಸ್ 128ರಿಂದ ಎಣಿಕೆ ಶುರುಮಾಡುತ್ತದೆ, 127 ಎಂದರೆ ಉತ್ತರ ಒಂದೇ ಒಂದು ರೂಟರ್ ದಾಟಿ ಬಂದಿದೆ. ಈ ಅಂಕಿಯನ್ನು ಆಗ ಅವರು ಮನಸ್ಸಿನಲ್ಲಿಟ್ಟುಕೊಂಡರು. ಫೈರ್‌ವಾಲನ್ನು ಮತ್ತೆ ಹಾಕಿ, ಫೈಲ್ ಹಂಚಿಕೆಯ ಅನುಮತಿಗೆ 192.168.1.0 ಸಬ್‌ನೆಟ್ಟನ್ನು ಸೇರಿಸಿದರು. ಫೈರ್‌ವಾಲನ್ನು ಹಾಗೇ ಆರಿಸಿಟ್ಟು ಹೋಗುವ ಸರ್ವೀಸ್ ಕೆಲಸ ನಮ್ಮಲ್ಲಿ ಧಾರಾಳವಾಗಿ ನಡೆಯುತ್ತದೆ. ಅದು ಗಿರಾಕಿಗೆ ಮಾಡುವ ಅನ್ಯಾಯ.

ಪಿಂಗ್ ಬಂತು. ಫೋಲ್ಡರ್ ತೆರೆಯಲಿಲ್ಲ.

ಇಡೀ ಕೆಲಸದಲ್ಲಿ ಅತ್ಯಂತ ಸೂಕ್ಷ್ಮವಾದ ಗಂಟು ಇದು. ಪಿಂಗ್ ಸಲೀಸು, ಟ್ರೇಸರ್ಟ್ ಸಲೀಸು, ಆದರೆ ಫೋಲ್ಡರಿನ ಮೇಲೆ ಕ್ಲಿಕ್ ಮಾಡಿದರೆ ಪರದೆ ಸುತ್ತುತ್ತ ನಿಲ್ಲುತ್ತದೆ. ಆಗ ಉಪಯೋಗಕ್ಕೆ ಬಂದದ್ದು ಆ 127. ಹೋಗುವಾಗ ಪ್ಯಾಕೆಟ್ ಮೋಡೆಮ್, ಪುಟ್ಟ ರೂಟರ್ ಎರಡನ್ನೂ ದಾಟುತ್ತದೆಂದು ಟ್ರೇಸರ್ಟ್ ಹೇಳಿತ್ತು. ಬರುವಾಗ ಒಂದನ್ನೇ ದಾಟಿದೆ. ಪುಟ್ಟ ರೂಟರಿನ ಒಂದು ಕಾಲು ಆಫೀಸಿನ ಸಬ್‌ನೆಟ್ಟಿನಲ್ಲೇ ಇರುವುದರಿಂದ ಉತ್ತರವನ್ನು ಅದು ಮೋಡೆಮ್ಮಿಗೆ ಕೊಡದೆ ಅಕ್ಕನ ಕಂಪ್ಯೂಟರಿಗೆ ನೇರವಾಗಿ ಕೊಡುತ್ತದೆ. ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ.

ಪಿಂಗಿಗೆ ಇದರಿಂದ ತೊಂದರೆಯಿಲ್ಲ, ಅದು ಒಂದು ಪ್ರಶ್ನೆ, ಒಂದು ಉತ್ತರ. ಫೈಲ್ ತೆರೆಯುವುದು ಟಿಸಿಪಿಯ ಮೂಲಕ. ಅಲ್ಲಿ ಮಾತು ಶುರುವಾಗುವ ಮೊದಲು ಮೂರು ಹೆಜ್ಜೆಯ ಪರಿಚಯ ಆಗಬೇಕು: ಇವನು ಕರೆಯುತ್ತಾನೆ, ಅವನು ಓಗೊಟ್ಟು ತಾನೂ ಕರೆಯುತ್ತಾನೆ, ಇವನು ಓಗೊಡುತ್ತಾನೆ. ಮೋಡೆಮ್ಮಿನೊಳಗಿನ ಫೈರ್‌ವಾಲ್ ಮೊದಲ ಹೆಜ್ಜೆ ನೋಡಿತು. ಎರಡನೆಯದು ಅದರ ಕಣ್ಣಿಗೆ ಬೀಳಲೇ ಇಲ್ಲ, ಅದು ನೇರ ದಾರಿಯಲ್ಲಿ ಹೋಯಿತು. ಮೂರನೆಯದು ಬಂದಾಗ, ನಡುವಿನ ಹೆಜ್ಜೆ ಇಲ್ಲದ ಈ ಪ್ಯಾಕೆಟ್ ಸರಿಯಿಲ್ಲವೆಂದು ತಡೆದುಬಿಟ್ಟಿತು. ವೇಬ್ರಿಡ್ಜಿನ ಕಡೆಯಿಂದ ಶುರುಮಾಡಿದರೂ ಇದೇ ಗತಿ. ಅಲ್ಲಿ ಮೋಡೆಮ್ಮಿಗೆ ಕಾಣುವುದು ಎರಡನೇ ಹೆಜ್ಜೆ ಮಾತ್ರ. ಅರ್ಧ ಮಾತು ಕೇಳಿಸಿಕೊಂಡ ಫೈರ್‌ವಾಲಿಗೆ ಇಡೀ ಸಂಭಾಷಣೆಯೇ ಅನುಮಾನಾಸ್ಪದ.

ಇಂಥ ಸಂದರ್ಭಕ್ಕೆಂದು ಹಳೆಯ ನಿಯಮಗಳಲ್ಲಿ ಒಂದು ಸೌಜನ್ಯ ಇದೆ. 1981ರ ಸೆಪ್ಟೆಂಬರಿನಲ್ಲಿ ಜಾನ್ ಪೋಸ್ಟೆಲ್ ಬರೆದ ಆರ್‌ಎಫ್‌ಸಿ 792ರ ಪ್ರಕಾರ, ತನ್ನದೇ ಸಬ್‌ನೆಟ್ಟಿನ ಇನ್ನೊಂದು ಗೇಟ್‌ವೇ ಹತ್ತಿರದ ದಾರಿ ಎಂದು ಗೊತ್ತಾದರೆ ರೂಟರ್ ಕಳಿಸಿದವನಿಗೆ ‘ಇನ್ನು ಮುಂದೆ ಅವನ ಕೈಗೇ ಕೊಡು’ ಎಂದು ರಿಡೈರೆಕ್ಟ್ ಸಂದೇಶ ಕಳಿಸಬೇಕು. ಎಲ್ಲ ಮೋಡೆಮ್ಮುಗಳೂ ಇದನ್ನು ಕಳಿಸುವುದಿಲ್ಲ, ಕಳಿಸಿದರೂ ಎಲ್ಲ ಕಂಪ್ಯೂಟರುಗಳೂ ಕೇಳುವುದಿಲ್ಲ. ಅದನ್ನು ನಂಬಿ ಕೂರುವ ಹಾಗಿರಲಿಲ್ಲ. ಹಿಂದಿನ ಕಟ್ಟಡದೊಂದಿಗೆ ಮಾತಾಡಬೇಕಾದ ಕಂಪ್ಯೂಟರುಗಳಿಗೆ, ಅಕ್ಕನದ್ದರಿಂದ ಶುರುಮಾಡಿ, ರೂಟ್ ಆ್ಯಡ್ ಎಂಬ ಆದೇಶ ಕೊಟ್ಟು, 192.168.2.0ಕ್ಕೆ ನೇರ ದಾರಿ 192.168.1.50 ಎಂದು ಬರೆಯತೊಡಗಿದರು. ಅದಕ್ಕೆ ಮೈನಸ್ ಪಿ ಎಂಬ ಬಾಲ ಸೇರಿಸುವುದು ಮುಖ್ಯ, ಇಲ್ಲದಿದ್ದರೆ ಕಂಪ್ಯೂಟರು ಆರಿಸಿ ಹಾಕಿದ ಕೂಡಲೇ ಆ ಸಾಲು ಮರೆತುಹೋಗುತ್ತದೆ. ಸುಗ್ಗಿಯಲ್ಲಿ ಕರೆಂಟು ಹೋಗಿ ಬರುವ ಊರಿನಲ್ಲಿ ಅದು ಮರುದಿನವೇ ಮತ್ತೆ ಫೋನು ಬರುವ ದಾರಿ.

ಫೋಲ್ಡರ್ ತೆರೆಯಿತು. ಅವತ್ತಿನ ಕೊನೆಯ ಲಾರಿಯ ತೂಕ ಅಕ್ಕನ ಪರದೆಯಲ್ಲಿತ್ತು. “ಅಬ್ಬ, ಬಂತಲ್ಲ!” ಎಂದ ಅಕ್ಕ ಎಲ್ಲರಿಗೂ ಕಾಫಿ ಮಾಡಿಸಲು ಎದ್ದರು.

ಆದರೆ ಮ್ಯಾನೇಜರ ಕಂಪ್ಯೂಟರಿನಲ್ಲಿ ಬರಲಿಲ್ಲ. ಪಕ್ಕದಲ್ಲೇ ಇದ್ದ ಕಂಪ್ಯೂಟರು, ಅದೇ ಸ್ವಿಚ್ಚು, ರೂಟ್ ಸಾಲು ಮಾತ್ರ ಇನ್ನೂ ಬರೆದಿರಲಿಲ್ಲ. ಐಪಿಕಾನ್ಫಿಗ್ ನೋಡಿದಾಗ ಮಾಸ್ಕ್ 255.255.0.0 ಎಂದಿತ್ತು. ಹಿಂದೆ ಯಾವಾಗಲೋ ಕೈಯಿಂದ ತುಂಬಿದ್ದು. ಆ ಮಾಸ್ಕ್ ಪ್ರಕಾರ ಮೊದಲ ಎರಡು ಅಂಕಿ ಒಂದಾಗಿದ್ದರೆ ಸಾಕು, 192.168.2.10 ಕೂಡ ನೆರೆಮನೆ. ಆದ್ದರಿಂದ ಅದು ಆ ಫೋಲ್ಡರನ್ನು ಕೇಳುವ ಮೊದಲು ‘ಈ ವಿಳಾಸ ಯಾರದು’ ಎಂದು ತನ್ನ ಕೋಣೆಯೊಳಗೇ ಕೂಗುತ್ತಿತ್ತು. ಎಆರ್‌ಪಿ ಎಂಬ ಆ ಕೂಗು ರೂಟರ್ ದಾಟುವುದಿಲ್ಲ. ಈ ತಪ್ಪು ಅಷ್ಟು ದಿನ ಯಾರ ಗಮನಕ್ಕೂ ಬರಲಿಲ್ಲ, ಏಕೆಂದರೆ ಆಫೀಸಿನ ಒಳಗೂ ಸರಿ, ಇಂಟರ್‌ನೆಟ್ಟಿಗೂ ಸರಿ, ಆ ತಪ್ಪು ಮಾಸ್ಕಿನಿಂದ ಏನೂ ಕೆಡುವುದಿಲ್ಲ. ಒಂದು ಅಂಕಿ ತಿದ್ದಿ, ರೂಟ್ ಸಾಲನ್ನೂ ಬರೆದರು, ಬಂತು.

ಉಳಿದದ್ದು ಪ್ರಿಂಟರು. ಲ್ಯಾಬಿನಿಂದ ತೇವಾಂಶದ ವರದಿಯನ್ನು ಮುಂದಿನ ಕಟ್ಟಡದ ಲೇಸರ್ ಪ್ರಿಂಟರಿಗೆ ಕೊಡುವುದು ಮೊದಲು ನಡೆಯುತ್ತಿತ್ತು, ಈಗ ನಡೆಯುತ್ತಿಲ್ಲ. ಪ್ರಿಂಟರಿನ ಪುಟ್ಟ ಪರದೆಯಲ್ಲಿ ಗೇಟ್‌ವೇ ಎಂಬಲ್ಲಿ 0.0.0.0 ಎಂದಿತ್ತು. ಪ್ರಿಂಟರು ಎಲ್ಲಿಗೂ ಹೋಗುವುದಿಲ್ಲವಲ್ಲ, ಅದಕ್ಕೇಕೆ ಗೇಟ್‌ವೇ ಎಂದು ಖಾಲಿ ಬಿಡುವವರು ಬಹಳ. ಪ್ರಿಂಟರೂ ಉತ್ತರ ಕೊಡಬೇಕು. ಕಾಗದ ಇದೆ, ಸಿದ್ಧವಿದ್ದೇನೆ, ಮುಂದಿನದು ಕಳಿಸು ಎನ್ನಬೇಕು. ನ್ಯಾಟ್ ಇದ್ದಾಗ ಲ್ಯಾಬಿನ ಕರೆ ನೆರೆಮನೆಯಿಂದ ಬಂದಂತೆ ಕಾಣುತ್ತಿದ್ದರಿಂದ ಗೇಟ್‌ವೇ ಬೇಕಾಗಿರಲಿಲ್ಲ. ಪ್ರಿಂಟರಿನೊಳಗೆ ರೂಟ್ ಆ್ಯಡ್ ಎಂಬುದಿಲ್ಲ, ಇರುವುದು ಗೇಟ್‌ವೇಯ ಒಂದೇ ಖಾನೆ. ಅದಕ್ಕೆ ಮೋಡೆಮ್ಮಿನ ಬದಲು ನೇರವಾಗಿ 192.168.1.50 ಎಂದು ತುಂಬಿದರು. ಆ ಪ್ರಿಂಟರಿಗೆ ಹೊರಗಿನ ಇಂಟರ್‌ನೆಟ್ ಬೇಕಾಗಿರಲಿಲ್ಲ, ಹಿಂದಿನ ಕಟ್ಟಡ ಬೇಕಾಗಿತ್ತು. ತೇವಾಂಶದ ಹಾಳೆ ಹೊರಬಂತು.

ಹೊರಡುವ ಮೊದಲು ಅವರು ಒಂದು ಎ4 ಹಾಳೆಯಲ್ಲಿ ಎರಡು ಕಟ್ಟಡ, ಮೋಡೆಮ್, ರೂಟರ್, ಪ್ರತಿಯೊಂದರ ವಿಳಾಸ, ಮಾಸ್ಕ್, ಗೇಟ್‌ವೇ, ಬರೆದಿಟ್ಟ ರೂಟುಗಳು ಎಲ್ಲವನ್ನೂ ಕೈಯಲ್ಲಿ ಬರೆದು ಮೋಡೆಮ್ಮಿನ ಪಕ್ಕದ ಗೋಡೆಗೆ ಅಂಟಿಸಿದರು. ಸಣ್ಣ ಆಫೀಸುಗಳಲ್ಲಿ ನೆಟ್‌ವರ್ಕ್ ಒಂದೇ ಕೈಯಿಂದ ಹುಟ್ಟುವುದಿಲ್ಲ. ಮೋಡೆಮ್ ಹಾಕಿದವರು ಒಬ್ಬರು, ಪ್ರಿಂಟರು ಮಾರಿದವರು ಒಬ್ಬರು, ವೇಬ್ರಿಡ್ಜಿನವರು ಇನ್ನೊಬ್ಬರು, ಎಲ್ಲರೂ ತಂತಮ್ಮ ಭಾಗ ನಡೆಯುವ ಹಾಗೆ ಮಾಡಿ ಹೋಗಿರುತ್ತಾರೆ. ಆ ಭಾಗಗಳೆಲ್ಲ ಒಟ್ಟಿಗೆ ಒಂದು ಕಡೆ ಕಾಣುವುದು ಇಂಥ ಹಾಳೆಯ ಮೇಲೆ ಮಾತ್ರ. ಕೊಡಗಿನಂಥ ಕಡೆ ಇದಕ್ಕೆ ಹೆಚ್ಚಿನ ಬೆಲೆಯಿದೆ. ಜೂನ್ ಕಳೆದ ಮೇಲೆ ಮಳೆ, ಬಿದ್ದ ಮರ, ಕುಸಿದ ರಸ್ತೆಗಳ ನಡುವೆ ತಂತ್ರಜ್ಞ ಬಂದು ತಲುಪುವ ಮೊದಲು ಫೋನಿನಲ್ಲೇ ಎಷ್ಟೋ ಕೆಲಸ ಆಗಬೇಕಾಗುತ್ತದೆ. ಹಾಳೆ ಇದ್ದರೆ ಅಕ್ಕ ಓದಿ ಹೇಳಬಲ್ಲರು.

ಮುಂದಿನ ಹೂಮಳೆಯಲ್ಲಿ ಸಿಡಿಲಿಗೆ ಅಂಗಳದ ತಾಮ್ರದ ಕೇಬಲ್ಲಿನ ಎರಡೂ ತುದಿಯ ಪೋರ್ಟು ಸುಟ್ಟವು. ಅದರ ಜಾಗಕ್ಕೆ ಫೈಬರ್ ಬಂತು, ಗಾಜಿನ ಎಳೆಯಲ್ಲಿ ಸಿಡಿಲಿನ ಕರೆಂಟು ಹರಿಯುವುದಿಲ್ಲ. ಅದೇ ನೆಪದಲ್ಲಿ ಎರಡು ಸಬ್‌ನೆಟ್ಟುಗಳನ್ನೂ ಇಂಟರ್‌ನೆಟ್ಟನ್ನೂ ಒಂದೇ ದೊಡ್ಡ ರೂಟರಿನ ಮೂರು ಕಾಲುಗಳಿಗೆ ತಂದರು. ಎಲ್ಲರ ಗೇಟ್‌ವೇ ಒಂದೇ ಯಂತ್ರ ಆದ ಮೇಲೆ ಹೋಗುವ ದಾರಿ, ಬರುವ ದಾರಿ ಒಂದೇ ಆಯಿತು, ಕಂಪ್ಯೂಟರುಗಳಲ್ಲಿ ಕೈಯಿಂದ ಬರೆದಿದ್ದ ರೂಟ್ ಸಾಲುಗಳನ್ನು ಅಳಿಸಿದರು, ಹಾಳೆಯನ್ನು ಹೊಸದಾಗಿ ಬರೆದರು.

ಎರಡೂ ತುದಿಯಲ್ಲಿ ಕೂತು ನೋಡುವ ಅಭ್ಯಾಸ ಅವರಿಗೆ ಕೆಲವು ವರ್ಷಗಳ ನಂತರ ಮತ್ತೊಂದು ಕಡೆ ಒದಗಿತು. ಮಡಿಕೇರಿಯಲ್ಲಿ ಮುಖ್ಯ ಕಚೇರಿ, ಗೋಣಿಕೊಪ್ಪದಲ್ಲಿ ಶಾಖೆ ಇದ್ದ ಒಂದು ಸಂಸ್ಥೆ ಎರಡನ್ನೂ ಇಂಟರ್‌ನೆಟ್ಟಿನೊಳಗಿನ ಖಾಸಗಿ ಸುರಂಗದಂಥ ವಿಪಿಎನ್ ಮೂಲಕ ಜೋಡಿಸಿತ್ತು. ವಿಪಿಎನ್ ಸಂಪರ್ಕ ಆಗಿದೆ ಎಂದು ಎರಡೂ ಕಡೆಯ ಪರದೆ ಹೇಳುತ್ತಿತ್ತು, ಒಂದು ಪಿಂಗೂ ದಾಟುತ್ತಿರಲಿಲ್ಲ. ಅವರು ಮಡಿಕೇರಿಯಲ್ಲಿ ನೋಡಿ, ಗೋಣಿಕೊಪ್ಪಕ್ಕೆ ಹೋಗಿ ಅಲ್ಲಿನ ಕಂಪ್ಯೂಟರಿನ ಮುಂದೆ ಕೂತರು. ಅದರ ವಿಳಾಸ 192.168.1.20. ಮುಖ್ಯ ಕಚೇರಿಯ ಸರ್ವರಿನ ವಿಳಾಸ 192.168.1.10. ಎರಡೂ ಊರಿನ ಮೋಡೆಮ್ಮುಗಳು ಪೆಟ್ಟಿಗೆಯಿಂದ ಬರುವಾಗಲೇ ಹೊತ್ತು ತಂದ ಒಂದೇ ಸಬ್‌ನೆಟ್. ಗೋಣಿಕೊಪ್ಪದ ಕಂಪ್ಯೂಟರಿಗೆ ಮಡಿಕೇರಿಯ ಸರ್ವರು ತನ್ನ ಪಕ್ಕದ ಮೇಜಿನಲ್ಲಿದೆ ಎಂಬ ನಂಬಿಕೆ, ಹಾಗಾಗಿ ಗೇಟ್‌ವೇಯನ್ನು ಕೇಳುವ ಪ್ರಶ್ನೆಯೇ ಇಲ್ಲ. ಎಷ್ಟು ರೂಟ್ ಬರೆದರೂ ಇದು ಸರಿಯಾಗುವಂಥದಲ್ಲ.

ಒಂದು ಭಾನುವಾರ ಶಾಖೆಯನ್ನೆಲ್ಲ 192.168.20ಕ್ಕೆ ಬದಲಿಸಿದರು. ಪ್ರಿಂಟರಿನಿಂದ ಶುರುಮಾಡಿದರು, ಅದರ ಗೇಟ್‌ವೇ ಖಾನೆ ಖಾಲಿಯಿತ್ತು.